ಕಿರುಕುಳ ಆದ ದಿನವೇ ನಿಮಗೆ ನೀವೇ ಮೇಲ್ ಹಾಕಿಕೊಳ್ಳಿ

ಕೆಲಸದ ಜಾಗದಲ್ಲಿ ಯಾರಾದರೂ ಕೆಟ್ಟದಾಗಿ ಮಾತಾಡಿದರೆ, ಮೈ ಮುಟ್ಟಿದರೆ ಅವತ್ತೇ ನಿಮ್ಮ ಸ್ವಂತ ಇ-ಮೇಲ್‌ಗೆ ಬರೆದು ಕಳಿಸಿಕೊಳ್ಳಿ: ಎಷ್ಟು ಗಂಟೆಗೆ, ಎಲ್ಲಿ, ಆಡಿದ ಮಾತು ಇದ್ದ ಹಾಗೇ, ಪಕ್ಕದಲ್ಲಿ ಯಾರಿದ್ದರು. ತಾರೀಖು ತಾನಾಗೇ ಬೀಳುವುದರಿಂದ ಆಮೇಲೆ ಕಟ್ಟಿದ ಕಥೆ ಅನ್ನುವುದು ಕಷ್ಟ. ಆಫೀಸಿನ ಮೇಲ್ ಬೇಡ, ಕೆಲಸ ಬಿಟ್ಟರೆ ಅದು ಬಂದ್. ಆದರೆ ಸುಮ್ನೆ ಬರೆದಿಟ್ಟರೆ ಸಾಲದು. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಪ್ರಕಾರ 3 ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಹುಬ್ಬಳ್ಳಿಯ ಬಟ್ಟೆ ಅಂಗಡಿ, ಗದಗಿನ ಪ್ರಿಂಟಿಂಗ್ ಪ್ರೆಸ್ ಯಾವುದೇ ಇರಲಿ, 10ಕ್ಕಿಂತ ಕಡಿಮೆ ಮಂದಿ ಇದ್ದರೆ ಅಥವಾ ಮಾಲೀಕನ ಮೇಲೆಯೇ ದೂರಿದ್ದರೆ ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ (ಈ ಸಮಿತಿ ಇದೆ ಅಂತಲೇ ಜಾಸ್ತಿ ಜನಕ್ಕೆ ಗೊತ್ತಿಲ್ಲ). ಯಾರಾದರೂ ಕೈ ಎತ್ತಿದಾಗ ಮಾತ್ರ ಬರೆಯುತ್ತ ಕೂರಬೇಡಿ, ಮೊದಲು 112ಕ್ಕೆ ಫೋನ್ ಮಾಡಿ.