ಗಡಾಯಿಕಲ್ಲು ಹತ್ತುವುದು ಹೇಗೆ?

ಕರಾವಳಿ ಕಡೆ ಕೋಟೆ ನೋಡಬೇಕು ಅಂದವರಿಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತದೆ. ಕಡಲು ಬೇಕಾದರೆ ಕಾಸರಗೋಡು ದಾಟಿ ಬೇಕಲಕ್ಕೆ ಹೋಗಿ, ಬೆವರು ಇಳಿಸಬೇಕಾದರೆ ಬೆಳ್ತಂಗಡಿಯ ಗಡಾಯಿಕಲ್ಲಿಗೆ ಹೋಗಿ. ಈ ಲೇಖನ ಬೆವರಿನ ಪಾರ್ಟಿಗೆ.

ಜಮಾಲಾಬಾದ್ ಕೋಟೆ, ನರಸಿಂಹಗಡ, ಗಡಾಯಿಕಲ್ಲು ಎಲ್ಲವೂ ಒಂದೇ ಜಾಗ. ಮ್ಯಾಪಿನಲ್ಲಿ ಯಾವ ಹೆಸರು ಹಾಕಿದರೂ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಊರವರ ಹತ್ತಿರ ದಾರಿ ಕೇಳುವಾಗ ಮಾತ್ರ ಗಡಾಯಿಕಲ್ಲು ಅನ್ನಿ, ಬೇಗ ಗೊತ್ತಾಗುತ್ತದೆ.

ಹೊರಡುವ ಮೊದಲು ಒಂದು ಮಾತು. ಮೇಲೆ ಅರಮನೆ, ದರ್ಬಾರು, ಸಾಲು ಸಾಲು ಬುರುಜು ಇರುತ್ತದೆ ಅಂತ ಅಂದುಕೊಂಡು ಹೋಗಬೇಡಿ. ತುದಿಯಲ್ಲಿ ಉಳಿದಿರುವುದು ಕಮ್ಮಿ. ಇಲ್ಲಿ ನೋಡಬೇಕಾದ್ದು ದಾರಿಯನ್ನೇ. ಬಂಡೆಯಲ್ಲೇ ಕಡಿದ ಮೆಟ್ಟಿಲು, ಅದರ ತಿರುವು, ತಿರುವಿನಲ್ಲಿ ನಿಂತ ಗೋಡೆ, ಇವೇ ಕೋಟೆ. ಇದು ಗೊತ್ತಿಲ್ಲದೆ ದಡಬಡ ಹತ್ತಿದವರು ಮೇಲೆ ಹೋಗಿ ‘ಇಷ್ಟೇನಾ?’ ಅಂತಾರೆ.

ಮೊದಲು ದಿನ ನೋಡಿಕೊಳ್ಳಿ

ಮಳೆಗಾಲದಲ್ಲಿ ಹತ್ತಲು ಬಿಡುವುದಿಲ್ಲ. ಬಿಟ್ಟರೂ ಹತ್ತಬಾರದು. ಪಾಚಿ ಹಿಡಿದ ಕಲ್ಲಿನ ಮೇಲೆ ನೀರು ಹರಿಯುತ್ತಿರುತ್ತದೆ, ಪಕ್ಕದಲ್ಲಿ ಪ್ರಪಾತ. ಮಾರ್ಚ್ ನಂತರ ಸೆಕೆ ತಡೆಯೋದಿಲ್ಲ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುವ ಭಯ ಇದ್ದರೂ ಚಾರಣ ನಿಲ್ಲಿಸುವುದುಂಟು. ಹಾಗಾಗಿ ನವೆಂಬರಿನಿಂದ ಫೆಬ್ರವರಿವರೆಗಿನ ದಿನಗಳೇ ಸರಿ.

ಜಾಗ ಇರುವುದು ಅರಣ್ಯ ಇಲಾಖೆಯ ಕುದುರೆಮುಖ ವನ್ಯಜೀವಿ ವಿಭಾಗದ ಸುಪರ್ದಿಯಲ್ಲಿ. ಪ್ರವೇಶ ಶುಲ್ಕ ಕಟ್ಟಬೇಕು. ಶುಲ್ಕ ಎಷ್ಟು, ಎಷ್ಟು ಗಂಟೆಯೊಳಗೆ ಹತ್ತಲು ಶುರು ಮಾಡಬೇಕು, ಆನ್‌ಲೈನಲ್ಲಿ ಮೊದಲೇ ಬುಕ್ ಮಾಡಬೇಕಾ ಅನ್ನುವ ನಿಯಮಗಳು ಆಗಾಗ ಬದಲಾಗುತ್ತವೆ. ಹಿಂದಿನ ದಿನ ಬೆಳ್ತಂಗಡಿಯ ವನ್ಯಜೀವಿ ವಲಯ ಕಚೇರಿಗೆ ಒಂದು ಫೋನ್ ಹಾಕಿ. ಹಳೇ ವಿಡಿಯೊ ನೋಡಿಕೊಂಡು ಹೊರಟು ಗೇಟಿನಿಂದ ವಾಪಸ್ ಬರುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ತಲುಪುವ ದಾರಿ

ಮಂಗಳೂರಿನಿಂದ ಸುಮಾರು 65 ಕಿಲೋಮೀಟರ್. ಬಿ.ಸಿ. ರೋಡ್, ಮಡಂತ್ಯಾರು, ಗುರುವಾಯನಕೆರೆ ದಾಟಿದರೆ ಬೆಳ್ತಂಗಡಿ. ಬಸ್ಸಿಗೆ ಬರವಿಲ್ಲ. ಬೆಂಗಳೂರಿನವರು ರಾತ್ರಿ ಧರ್ಮಸ್ಥಳದ ಬಸ್ ಹತ್ತಿದರೆ ಬೆಳಿಗ್ಗೆ ಅಲ್ಲಿಂದ ಉಜಿರೆ ಮೇಲೆ ಬೆಳ್ತಂಗಡಿಗೆ ಬರಬಹುದು. ಪೇಟೆಯಿಂದ ಬಂಡೆಯ ಬುಡಕ್ಕೆ ಇನ್ನು 8 ಕಿಲೋಮೀಟರ್. ಲಾಯಿಲದ ಮೇಲೆ ಕಿಲ್ಲೂರು ಕಡೆ ಹೋಗುವ ರಸ್ತೆ ಹಿಡಿದು ಮಂಜೊಟ್ಟಿಯಲ್ಲಿ ತಿರುಗಬೇಕು. ಆಟೊ ಮಾಡಿಕೊಳ್ಳುವುದೇ ಸುಲಭ. ವಾಪಸ್ ಬರುವ ಹೊತ್ತಿಗೆ ಕರೆಯಲು ಡ್ರೈವರ್ ನಂಬರ್ ಇಸಿದುಕೊಳ್ಳಿ.

ಸ್ವಲ್ಪ ದೂರದಲ್ಲೇ ಬಂಡೆ ಕಾಣಲು ಶುರುವಾಗುತ್ತದೆ. ಅಡಿಕೆ ತೋಟ, ರಬ್ಬರ್ ತೋಟಗಳ ಮೇಲೆ ಒಂಟಿಯಾಗಿ ಎದ್ದ ಬೋಳು ಕಲ್ಲು, ಹಿಂದೆ ಕುದುರೆಮುಖದ ಸಾಲು. ದಕ್ಷಿಣ ಕನ್ನಡ ಜಿಲ್ಲೆಯ ಬಹುಪಾಲು ಮುರಕಲ್ಲಿನ (ಜಂಬಿಟ್ಟಿಗೆ) ನಾಡು, ಇದು ಗಟ್ಟಿ ಗ್ರಾನೈಟ್. ಎತ್ತರ ಸಮುದ್ರಮಟ್ಟದಿಂದ ಸುಮಾರು 1,700 ಅಡಿ. ‘ಇದರ ಮೇಲೆ ಹೋಗೋದು ಎಲ್ಲಿಂದ?’ ಅಂತ ಅನ್ನಿಸಿದರೆ, ಕೋಟೆ ಕಟ್ಟಿಸಿದ ಟಿಪ್ಪುವಿಗೆ ಬೇಕಿದ್ದದ್ದೂ ಅದೇ.

ಚೀಲದಲ್ಲಿ ಏನಿರಬೇಕು

ನೀರು. ಒಬ್ಬರಿಗೆ ಎರಡು ಲೀಟರ್, ಕಮ್ಮಿ ಬೇಡ. ಮೇಲೆ ಮಳೆನೀರು ನಿಲ್ಲುವ ಕೊಳ ಇದೆ, ಆದರೆ ಕುಡಿಯುವ ಹಾಗಿಲ್ಲ. ಅಂಗಡಿ ಅನ್ನೋದು ದಾರಿಯಲ್ಲಿ ಇಲ್ಲವೇ ಇಲ್ಲ. ಬೆಲ್ಲ, ಕಡ್ಲೆ, ಬಾಳೆಹಣ್ಣು ಸಾಕು. ಚೆನ್ನಾಗಿ ಹಿಡಿತ ಇರುವ ಶೂ ಹಾಕಿ, ಚಪ್ಪಲಿ ಬೇಡ. ಟೋಪಿ ಇರಲಿ. ಪ್ಲಾಸ್ಟಿಕ್ ಕವರ್ ಎಷ್ಟು ಒಯ್ದಿರೋ ಅಷ್ಟೂ ಕೆಳಗೆ ಬರಬೇಕು. ಮಳೆ ಬಿಟ್ಟ ಹೊಸತರಲ್ಲಿ ಹೋದರೆ ಕೆಳಗಿನ ಕಾಡಿನಲ್ಲಿ ಉಂಬಳ (ಜಿಗಣೆ) ಇರಬಹುದು, ಸ್ವಲ್ಪ ಉಪ್ಪು ಕಟ್ಟಿಕೊಳ್ಳಿ.

ಹತ್ತುವುದು

ಬೆಳಕು ಹರಿದು ಗೇಟು ತೆರೆಯುತ್ತಿದ್ದ ಹಾಗೆ ಹೊರಡಿ. ಇದೊಂದು ಪಾಲಿಸಿದರೆ ಅರ್ಧ ಕಷ್ಟ ಕಮ್ಮಿ. ಹತ್ತು ಗಂಟೆ ಮೇಲೆ ಬಂಡೆ ಕಾಯುತ್ತದೆ, ಬಿಸಿಲು ಮೇಲಿಂದಲೂ ಬರುತ್ತದೆ, ಕಾಲಡಿಯಿಂದಲೂ ಬರುತ್ತದೆ.

ಮೊದಲ ಭಾಗ ಮರದ ನೆರಳು. ಇಲ್ಲಿ ಉತ್ಸಾಹದಲ್ಲಿ ಓಡುವವರೇ ಜಾಸ್ತಿ. ಬೇಡ. ಮಾತಾಡಿಕೊಂಡು ಹತ್ತುವಷ್ಟೇ ವೇಗ ಇರಲಿ, ಮಾತು ತುಂಡಾಗಲು ಶುರುವಾದರೆ ನಿಲ್ಲಿ. ಒಟ್ಟು 1,876 ಮೆಟ್ಟಿಲು ಅನ್ನುವುದು ಎಲ್ಲರೂ ಹೇಳುವ ಲೆಕ್ಕ. ನೀವು ಎಣಿಸಲು ಹೋಗಬೇಡಿ, ಒಡೆದು ಒಂದಾದ ಮೆಟ್ಟಿಲುಗಳ ಹತ್ತಿರ ಖಂಡಿತ ಲೆಕ್ಕ ತಪ್ಪುತ್ತದೆ.

ನೆರಳು ಮುಗಿದ ಮೇಲೆ ನಿಜವಾದ ಗಡಾಯಿಕಲ್ಲು ಶುರು. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಬಯಲು. ಇಲ್ಲಿ ಒಂದು ಕಡೆ ಕೂತು ಮೆಟ್ಟಿಲನ್ನೇ ನೋಡಿ. ಒಂದು ಗೇಣೆತ್ತರ ಇದ್ದರೆ ಮುಂದಿನದು ಮೊಣಕಾಲೆತ್ತರ. ಕಾಲಿಟ್ಟು ಕಾಲಿಟ್ಟು ನಡುಭಾಗ ನುಣ್ಣಗಾಗಿದೆ, ಆದರೆ ಮೂಲೆಯಲ್ಲಿ ಬೆರಳಾಡಿಸಿದರೆ ಉಳಿಯ ಏಟು ಇನ್ನೂ ತರಿತರಿಯಾಗಿ ಸಿಗುತ್ತದೆ. ಆ ನುಣ್ಣನೆ ನಡುಭಾಗವೇ ಜಾರುವ ಜಾಗ. ಹತ್ತುವಾಗ ಬಂಡೆಯ ಗೋಡೆ ಕಡೆಗೇ ಕಾಲಿಡಿ.

ಅಳತೆ ಒಂದೇ ಥರ ಇಲ್ಲದ ಮೆಟ್ಟಿಲಿನ ಮೇಲೆ ಯಾರೂ ಓಡಲಾರರು. ತಲೆ ತಗ್ಗಿಸಿಕೊಂಡೇ ಬರಬೇಕು. ಅಲ್ಲಲ್ಲಿ ದಾರಿ ಎಷ್ಟು ಕಿರಿದು ಅಂದರೆ ಇಬ್ಬರು ಜತೆಯಾಗಿ ಹೋಗುವುದೇ ಕಷ್ಟ. ಮೇಲೆ ಬರಲು ಇರುವುದು ಇದೊಂದೇ ದಾರಿ, ಉಳಿದ ಎಲ್ಲಾ ಕಡೆ ಕಡಿದಾದ ಬಂಡೆ. ಬಾಗಿಲ ಹತ್ತಿರದ ಗೋಡೆಯಲ್ಲಿ ಬಂದೂಕಿನ ಕಿಂಡಿಗಳಿವೆ. ಒಂದರ ಹಿಂದೆ ನಿಂತು ಇಣುಕಿ ನೋಡಿ. ನೀವು ಈಗಷ್ಟೇ ಏದುಸಿರು ಬಿಡುತ್ತಾ ಹತ್ತಿ ಬಂದ ಮೆಟ್ಟಿಲು ಪೂರ್ತಿ ಕಣ್ಣೆದುರು. ಹತ್ತು ಜನ ಸಿಪಾಯಿಗಳಿದ್ದರೆ ಸಾಕಿತ್ತು ಅಲ್ವಾ?

ಟಿಪ್ಪು ಸುಲ್ತಾನ್ ಇದನ್ನು ಕಟ್ಟಿಸಿದ್ದು 1794ರಲ್ಲಿ. ತಾಯಿ ಜಮಾಲ್‌ಬಿ ಹೆಸರಿನಲ್ಲಿ ಜಮಾಲಾಬಾದ್ ಅಂತ ಕರೆದ ಅಂತ ಹೇಳುತ್ತಾರೆ. ಅದಕ್ಕೂ ಮೊದಲೇ ಬುಡದಲ್ಲಿ ನರಸಿಂಹ ಅಂಗಡಿ ಅನ್ನುವ ಪೇಟೆ ಇತ್ತು. ಮಂಗಳೂರು ಆಗ ಮೈಸೂರಿನ ಮುಖ್ಯ ಬಂದರು, ಅದಕ್ಕಾಗಿ ಇಂಗ್ಲಿಷರ ಜತೆ ಕಾದಾಡಿ 1784ರಲ್ಲಿ ಒಪ್ಪಂದ ಆಗಿತ್ತು. ಕರಾವಳಿಗೂ ಘಟ್ಟಕ್ಕೂ ನಡುವಿನ ಈ ಸೀಮೆಯ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆ ಜಾಗ ಸಿಗುತ್ತಿರಲಿಲ್ಲ. ಆದರೆ ಐದೇ ವರ್ಷ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದೂ ಇಂಗ್ಲಿಷರ ಪಾಲಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ತಿಮ್ಮ ನಾಯಕ ಎಂಬವನು ಇದನ್ನು ಅವರಿಂದ ಕಿತ್ತುಕೊಂಡ. ಮತ್ತೆ ಮುತ್ತಿಗೆ ಹಾಕಿಯೇ ಅವರು ಬಿಡಿಸಿಕೊಳ್ಳಬೇಕಾಯಿತು. ಅಪರಾಧಿಗಳನ್ನು ಮೇಲಿಂದ ತಳ್ಳುತ್ತಿದ್ದರು ಅಂತ ಊರಲ್ಲಿ ಒಂದು ಕತೆಯೂ ಇದೆ. ಕತೆ ಕೇಳಿ, ಆದರೆ ಅಂಚಿಗೆ ಹೋಗಿ ಪರೀಕ್ಷೆ ಮಾಡಬೇಡಿ.

ತುದಿಯಲ್ಲಿ

ನಿಧಾನವಾಗಿ ಹತ್ತಿದರೂ ಒಂದೂವರೆಯಿಂದ ಎರಡು ಗಂಟೆಯಲ್ಲಿ ಮೇಲಿರುತ್ತೀರಿ. ಹುಲ್ಲು, ಮಳೆನೀರಿನ ಕೊಳ, ಮುರಿದ ಗೋಡೆಗಳು, ಒಂದು ಫಿರಂಗಿ. ಜತೆಗೆ ಈಚಿನ ಕಾಲದ ಟೆಲಿಕಾಂ ರಿಲೇ ಕೇಂದ್ರದ ಪಾಳು ಕಟ್ಟಡ. ಅದು ಟಿಪ್ಪು ಕಾಲದ್ದು ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

ನೋಟ ಮಾತ್ರ ಭರ್ಜರಿ. ಒಂದು ಕಡೆ ಘಟ್ಟದ ಗೋಡೆ, ಇನ್ನೊಂದು ಕಡೆ ಕಡಲಿನ ದಿಕ್ಕಿಗೆ ಇಳಿಯುತ್ತಾ ಹೋಗುವ ತೋಟ, ಗದ್ದೆ. ಬೆಳಗಿನ ಮಂಜು ಇದ್ದರೆ ಸ್ವಲ್ಪ ಕಾಯಿರಿ, ಬಿಸಿಲೇರಿದ ಹಾಗೆ ಬಿಡುತ್ತದೆ. ಅಂಚಿನಲ್ಲಿ ಕಟಾಂಜನ ಇದೆ ಅಂದುಕೊಳ್ಳಬೇಡಿ. ಸೆಲ್ಫಿ ಬೇಕಿದ್ದರೆ ಫಿರಂಗಿ ಹತ್ತಿರ ತೆಗೆಯಿರಿ. ಬೆಂಕಿ, ಸಿಗರೇಟು ಎರಡೂ ಬೇಡ. ಒಣಹುಲ್ಲಿಗೆ ಒಂದು ಕಿಡಿ ಸಾಕು, ಹೊಗೆಗೆ ಹೆಜ್ಜೇನು ಎದ್ದರೆ ಓಡಲು ಇರುವುದು ಅದೇ ಮೆಟ್ಟಿಲು.

ಇಳಿಯುವುದು

ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮೊಣಕಾಲು. ಎತ್ತರದ ಮೆಟ್ಟಿಲುಗಳಲ್ಲಿ ಧಡ್ ಅಂತ ಹಾರಬೇಡಿ. ಅಡ್ಡ ತಿರುಗಿ ಒಂದೊಂದೇ ಕಾಲಿಡಿ, ಧೈರ್ಯ ಸಾಲದ ಕಡೆ ಕೂತು ಜಾರಿ. ನಾಚಿಕೆ ಏನಿಲ್ಲ, ಎಲ್ಲರ ಪ್ಯಾಂಟಿನ ಹಿಂಭಾಗವೂ ಅದೇ ಬಣ್ಣ ಆಗಿರುತ್ತದೆ. ಮೇಲೆ ಬರುವವರಿಗೆ ಗೋಡೆ ಕಡೆ ಬಿಟ್ಟುಕೊಟ್ಟು ನೀವು ಅಂಚಿನ ಕಡೆ ನಿಲ್ಲಬೇಡಿ, ಅಗಲ ಇರುವ ತಿರುವಿನಲ್ಲೇ ಕಾದು ದಾಟಿಕೊಳ್ಳಿ.

ಹನ್ನೊಂದರ ಒಳಗೆ ಕೆಳಗಿದ್ದರೆ ಅರ್ಧ ದಿನ ಕೈಯಲ್ಲಿ ಉಳಿಯುತ್ತದೆ. ಬೊಂಡ (ಎಳನೀರು) ಕುಡಿಯಿರಿ. ಉಜಿರೆ ಕಡೆ ಹೋಗುವವರು ಹತ್ತಿರದ ನಡ ಗ್ರಾಮದಲ್ಲಿರುವ ಸುರ್ಯ ಸದಾಶಿವ ರುದ್ರ ದೇವಸ್ಥಾನ ನೋಡಿಕೊಂಡು ಹೋಗಬಹುದು. ಹರಕೆಯಾಗಿ ಬಂದ ಮಣ್ಣಿನ ಮನೆ, ತೊಟ್ಟಿಲು, ಕೈಕಾಲುಗಳ ರಾಶಿಯೇ ಅಲ್ಲಿದೆ. ಮಂಗಳೂರು ಕಡೆಗಾದರೆ ಗುರುವಾಯನಕೆರೆಯಿಂದ ವೇಣೂರಿಗೆ ತಿರುಗಿ, 1604ರ ಗೊಮ್ಮಟ ಇದ್ದಾನೆ. ಅಲ್ಲಿ ಹತ್ತಲು ಇರುವ ಮೆಟ್ಟಿಲು ಕಮ್ಮಿ, ಆದರೂ ಕಾಲು ಬೈಯುತ್ತದೆ.