ಹಳೇ ಫೋರ್‌ ವೀಲ್ ಕ್ಯಾಂಪರ್‌ಗೆ ನಾನು ಬೆಲೆ ಕಟ್ಟಿದ ಬಗೆ

ಟ್ರಕ್ ಮೇಲೆ ಮನೆ ಕೂರಿಸಿದ ಹಳೇ ಫೋರ್‌ ವೀಲ್ ಗಾಡಿ, ಅಂದ್ರೆ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಕ್ಯಾಂಪರ್, ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ನಾನು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಮೂಸಿ ನೋಡುತ್ತೇನೆ. ಮುಗ್ಗಲು ವಾಸನೆ ಬಂತೋ, ಎಲ್ಲೋ ನೀರು ಇಳಿದಿದೆ ಅಂತಲೇ ಲೆಕ್ಕ.

ನನ್ನದು ಎಂಬತ್ತರ ದಶಕದ ಟೊಯೋಟಾ ಪಿಕಪ್, ಮೇಲೆ ಫೈಬರ್ ಗ್ಲಾಸ್ ಮನೆ. ಕೊಳ್ಳುವ ಮುಂಚೆ ಕಿಟಕಿಗಳ ಕೆಳಮೂಲೆ, ಚಾವಣಿಯ ಗಾಳಿಕಿಂಡಿಯ ಸುತ್ತ, ಡ್ರೈವರ್ ತಲೆಯ ಮೇಲಿನ ಮಂಚ, ಎಲ್ಲಾ ಕಡೆ ಹೆಬ್ಬೆರಳಿಂದ ಒತ್ತಿದೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದೆ. ಗಟ್ಟಿ ಮರ ಟಕ್ ಟಕ್ ಅನ್ನುತ್ತೆ, ಕೊಳೆತದ್ದು ಡಬ್ ಅನ್ನುತ್ತೆ. ಫೈಬರ್ ಕೊಳೆಯಲ್ಲ, ಆದರೆ ಒಳಗಿನ ಪ್ಲೈವುಡ್ ಕೊಳೆಯುತ್ತೆ. ಅದನ್ನು ಸರಿ ಮಾಡಬೇಕಂದ್ರೆ ಅರ್ಧ ಮನೆ ಬಿಚ್ಚಬೇಕು.

ಎಂಜಿನ್‌ಗೆ ನಾನು ಅಷ್ಟು ಹೆದರಲ್ಲ. ಇದರಲ್ಲಿರುವುದು 2.4 ಲೀಟರಿನ 22ಆರ್‌ಇ. ಟೈಮಿಂಗ್ ಚೈನನ್ನು (ಎಂಜಿನ್ ಒಳಗೆ ವಾಲ್ವ್ ನಡೆಸುವ ಸರಪಳಿ) ದಾರಿ ತಪ್ಪದಂತೆ ಹಿಡಿಯುವ ಪ್ಲಾಸ್ಟಿಕ್ ಗೈಡ್ ಒಡೆಯುವುದು ಇದರ ಹಳೇ ಕಾಯಿಲೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮುಂದೆ ಗಲಗಲ ಸದ್ದು ಬರುತ್ತೆ. ಹಾಗೇ ಬಿಟ್ಟರೆ ಚೈನು ಕವರನ್ನೇ ಸವೆಸಿ, ಎಂಜಿನ್ ತಣಿಸುವ ಕೂಲೆಂಟ್ ಆಯಿಲಿಗೆ ಸೇರುತ್ತೆ. ಆದರೂ ಬಿಡಿಭಾಗ ಸಿಗುತ್ತೆ, ರಿಪೇರಿ ಗೊತ್ತಿರುವ ಕೆಲಸ. ಅಷ್ಟು ದುಡ್ಡು ಬೆಲೆಯಲ್ಲಿ ಕಳೆದರಾಯಿತು.

ಫೋರ್‌ ವೀಲ್ ಪರೀಕ್ಷೆ ಒಣ ಟಾರು ರಸ್ತೆಯಲ್ಲಿ ಬೇಡ, ಗೇರು ಬಿಗಿದುಕೊಳ್ಳುತ್ತೆ. ಸಡಿಲ ಮಣ್ಣಿನ ಮೇಲೆ ಲೋ ರೇಂಜ್ (ನಿಧಾನ, ಹೆಚ್ಚು ಬಲದ ಗೇರು) ಹಾಕಿ, ನಿಧಾನಕ್ಕೆ ತಿರುಗಿಸಿ, ಕಿವಿ ಕೊಟ್ಟು ಕೇಳಿ. ಕಂಪನಿಯಿಂದಲೇ ಫೋರ್‌ ವೀಲ್ ಆಗಿ ಬಂದಿದೆಯಾ, ಆಮೇಲೆ ಯಾರೋ ಮಾಡಿಸಿದ್ದಾ ಅಂತಲೂ ಕಾಗದ ನೋಡಬೇಕು. ಬೆಲೆಯ ವ್ಯತ್ಯಾಸ ಬರುವುದೇ ಅಲ್ಲಿ. ಅಮೆರಿಕದ ಫೋರ್‌ ವೀಲ್ ಟೊಯೋಟಾ ಪಿಕಪ್‌ಗಳಲ್ಲಿ 1985ರವರೆಗೆ ಮುಂದೆ ಎರಡೂ ಚಕ್ರ ಕೂಡಿಸುವ ಒಂದೇ ಗಟ್ಟಿ ಆಕ್ಸಲ್ ಇತ್ತು, 1986ರಿಂದ ಮುಂದಿನ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಬಂತು. ಕಲ್ಲುದಾರಿಯವರು ಹಳೇದನ್ನೇ ಕೇಳುತ್ತಾರೆ. ನನಗಂತೂ ಅದಕ್ಕಾಗಿ ಸುಮ್ನೆ ಜಾಸ್ತಿ ಕೊಡುವುದು ಇಷ್ಟವಿಲ್ಲ, ಹೊಸದರ ಸವಾರಿಯೇ ಮೆತ್ತಗಿರುತ್ತೆ.

ತೂಕದ ವಿಷಯ ಯಾರೂ ಕೇಳಲ್ಲ. ನೀರು, ಗ್ಯಾಸ್, ಸಾಮಾನು, ಜನ ಎಲ್ಲಾ ತುಂಬಿಸಿ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿದೆ. ನೂರು ಲೀಟರ್ ನೀರಂದ್ರೆ ನೂರು ಕಿಲೋ ಅಲ್ವಾ, ಗಾಡಿ ಹೊರುವ ತೂಕದ ಮಿತಿ ದಾಟಲು ಹೊತ್ತು ಬೇಕಿಲ್ಲ.

ಮಾರುವವರು ಕೇಳುವ ಬೆಲೆ ಬಿಡಿ, ಕೈ ಬದಲಾದ ಬೆಲೆ ಎಷ್ಟು ಅಂತ ನೋಡಿ. ಇನ್ಶೂರೆನ್ಸ್‌ನಲ್ಲಿ ಸಾಮಾನ್ಯ ಲೆಕ್ಕ ಹಾಕಿದರೆ ಇದು ಬರೀ ಹಳೇ ಪಿಕಪ್. ಹಾಗಾಗಿ ಫೋಟೋ, ರಿಪೇರಿ ಬಿಲ್ಲು, ಮೌಲ್ಯಮಾಪಕರ ಪತ್ರ ಕೊಟ್ಟು, ಮೊದಲೇ ಒಪ್ಪಿದ ಮೊತ್ತದ ಪಾಲಿಸಿ ಮಾಡಿಸಿಕೊಂಡೆ.