ಟೋಕಿಯೋದಲ್ಲಿ ಅಪ್ಪ ಅಮ್ಮನನ್ನು ಸಿಟಿ ಬಸ್ಸಿನಲ್ಲೇ ಸುತ್ತಿಸಿದ್ದು: ನನ್ನ ಅನುಭವ

ಊರಿಂದ ಹಿರಿಯರು ಬಂದರೆ ಟೋಕಿಯೋ ಹೇಗೆ ತೋರಿಸೋದು ಅಂತ ಯಾರೇ ಕೇಳಲಿ, ಈಗ ನನ್ನ ಉತ್ತರ ಒಂದೇ. ತೊಯೇ ಬಸ್, ಅಂದರೆ ಟೋಕಿಯೋ ಮಹಾನಗರ ಸರ್ಕಾರದ ಸಿಟಿ ಬಸ್. ಮೊದಲು ಇದನ್ನು ಇಲ್ಲಿನ ನಮ್ಮ ಬಡಾವಣೆ ನಿಶಿ ಕಸಾಯಿಯ ಗೆಳೆಯರ ಮುಂದೆ ಹೇಳಿದಾಗ ಎಲ್ಲರೂ ನಕ್ಕರು. "ಇಂಥಾ ರೈಲು ಇಟ್ಟುಕೊಂಡು ಬಸ್ ಹತ್ತಿಸ್ತೀಯಾ? ಅರ್ಧ ದಿನ ಸಿಗ್ನಲ್‌ನಲ್ಲೇ ಹೋಗುತ್ತೆ" ಅಂದರು. ಹಾಗೆ ಅಂದವರಲ್ಲೇ ಎರಡು ಮನೆಯವರು ಈ ವರ್ಷ ತಮ್ಮ ಹಿರಿಯರನ್ನು ನನ್ನ ರೂಟಿನಲ್ಲೇ ಕರೆದುಕೊಂಡು ಹೋಗಿ ಬಂದರು.

ನಮ್ಮ ತಂಡ ಇದು: ತುಮಕೂರಿನಿಂದ ಬಂದ ಅಪ್ಪ, ಅಮ್ಮ, ಸೋದರತ್ತೆ, ಜೊತೆಗೆ ನಾನು. ಅಪ್ಪನಿಗೆ 70 ದಾಟಿದೆ. ಅಮ್ಮನಿಗೆ ಎರಡೂ ಮಂಡಿ ನೋವು. ಅತ್ತೆ ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟೋದಿಲ್ಲ, ಮೀನಿನ ಮಾತಂತೂ ಬಿಡಿ.

ಮೊದಲು ಎಲ್ಲರ ಹಾಗೆ ಪ್ರವಾಸಿಗರ 72 ಗಂಟೆಯ ಸಬ್‌ವೇ ಟಿಕೆಟ್ ಕೊಡಿಸಿದೆ. ಆಗ ತಲೆಗೆ 1500 ಯೆನ್ ಇತ್ತು, ಲೆಕ್ಕಕ್ಕೆ ಅದಕ್ಕಿಂತ ಅಗ್ಗ ಇರಲಿಲ್ಲ. ಆದರೆ ಓಎದೋ ಅನ್ನೋ ಸಬ್‌ವೇ ಲೈನ್ ಯಾವಾಗಲಾದರೂ ಮಂಡಿ ನೋವಿನವರ ಜೊತೆ ಹತ್ತಿದ್ದೀರಾ? ರೊಪ್ಪೊಂಗಿ ಸ್ಟೇಷನ್ನಿನಲ್ಲಿ ಅದರ ಪ್ಲಾಟ್‌ಫಾರ್ಮ್ 42 ಮೀಟರ್ ಆಳದಲ್ಲಿದೆ. ಲಿಫ್ಟ್ ಇದೆ ನಿಜ, ಆದರೆ ನಾವು ಇಳಿಯೋದು ಪ್ಲಾಟ್‌ಫಾರ್ಮಿನ ಈ ತುದಿ, ಲಿಫ್ಟ್ ಇರೋದು ಆ ತುದಿ. ಲೈನ್ ಬದಲಾಯಿಸೋದಕ್ಕೆ ಓತೆಮಾಚಿ ಸ್ಟೇಷನ್ನಿನಲ್ಲಿ ನಡೆಯೋದೇ ಒಂದು ಯಾತ್ರೆ. ಎರಡನೇ ದಿನ ಅಮ್ಮ ಹೊರಡಲೇ ಇಲ್ಲ. ಅಪ್ಪ ಒಂದು ಮಾತು ಕೇಳಿದರು: "ನೆಲದ ಕೆಳಗೆ ಇಳಿದು ನೆಲದ ಕೆಳಗೇ ಓಡಾಡಿದರೆ ಊರು ನೋಡಿದ ಹಾಗೆ ಹೇಗಾಯ್ತೋ ಮಗಾ?" ನನಗೆ ಅದು ಚುಚ್ಚಿತು. ಮೂರು ಟಿಕೆಟ್, 4500 ಯೆನ್, ಅರ್ಧಕ್ಕರ್ಧ ದಂಡ.

ಆಮೇಲೆ ಒಂದು ಪ್ಯಾಕೇಜ್ ಟೂರ್. ತಲೆಗೆ ಹತ್ತಿರ ಹತ್ತಿರ 10,000 ಯೆನ್, ನಾಲ್ಕು ಜನಕ್ಕೆ 40,000. ಸಸ್ಯಾಹಾರ ಅಂತ ಮೊದಲೇ ಬರೆದು ಕೊಟ್ಟಿದ್ದೆ. ಊಟಕ್ಕೆ ಬಂದ ಸೂಪು ದಾಶಿಯದು, ಅಂದರೆ ಮೀನು ಹಾಕಿ ತೆಗೆದ ಸಾರಿನದು. ಅತ್ತೆ ಬಾಳೆಹಣ್ಣು ತಿಂದುಕೊಂಡು ದಿನ ಕಳೆದರು. ಬಾವುಟ ಹಿಡಿದವರ ಹಿಂದೆ ಎಲ್ಲರೂ ಓಡಬೇಕು, ಮಂಡಿ ನೋವಿನವರಿಗೆ ಕಾಯೋರು ಯಾರು?

ಟ್ಯಾಕ್ಸಿಯನ್ನೂ ನೋಡಿದೆ. ಕಸಾಯಿಯಿಂದ ಅಸಾಕುಸಾಗೆ ಒಂದು ಕಡೆಗೇ 4000 ಯೆನ್ ಮೇಲೆ. ಆದರೆ ಇದರಲ್ಲಿ ಒಂದು ಉಪಯೋಗದ ಲೆಕ್ಕ ಸಿಕ್ಕಿತು. ಮೀಟರ್ 500 ಯೆನ್‌ಗೆ ಶುರು, ಅದರಲ್ಲಿ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗಬಹುದು. ಬಸ್ಸಿಗೆ ತಲೆಗೆ 210ರಂತೆ ನಾಲ್ಕು ಜನಕ್ಕೆ 840. ಅಂದರೆ ಒಂದೂವರೆ ಕಿಲೋಮೀಟರ್ ಒಳಗಿನ ದೂರಕ್ಕೆ, ಪಾಸ್ ಇಲ್ಲದ ದಿನ, ನಾಲ್ಕು ಜನಕ್ಕೆ ಟ್ಯಾಕ್ಸಿಯೇ ಅಗ್ಗ. ಇದನ್ನು ಲೆಕ್ಕ ಹಾಕಿದವರು ನಮ್ಮಲ್ಲಿ ಜಾಸ್ತಿ ಜನ ಇಲ್ಲ.

ಕೊನೆಗೆ ಹಿಡಿದದ್ದು ಬಸ್. ಬರೀ ಬಸ್ಸಿನ ದಿನದ ಪಾಸ್ 500 ಯೆನ್, ಹತ್ತುವಾಗ ಡ್ರೈವರ್ ಹತ್ತಿರವೇ ಸಿಗುತ್ತದೆ. ಸುಯಿಕಾ ಅನ್ನೋ ಪ್ರಯಾಣದ ಕಾರ್ಡಿನಲ್ಲೇ ಹಾಕಿಸೋದಾದರೆ ಕಾರ್ಡ್ ತಾಗಿಸೋದಕ್ಕೆ ಮೊದಲೇ ಹೇಳಬೇಕು. ನಾನು ಹೆಚ್ಚಾಗಿ ತೆಗೆದುಕೊಂಡದ್ದು 700 ಯೆನ್‌ನ ಮಾರುಗೊತೊ ಪಾಸ್, ಅದರಲ್ಲಿ ಬಸ್, ತೊಯೇ ಸಬ್‌ವೇ, ಟ್ರಾಮ್ ಎಲ್ಲ ಬರುತ್ತದೆ. ಕಸಾಯಿ ಕಡೆ ಬೇರೆ ಕಂಪನಿ ಬಸ್ಸುಗಳೂ ಓಡುತ್ತವೆ, ಅವುಗಳಲ್ಲಿ ಈ ಪಾಸ್ ನಡೆಯೋದಿಲ್ಲ. ತೊಯೇ ಬಸ್ಸಿನ ಗುರುತಿನ ಬೊಂಬೆ ಮಿಂಕುರು, ಅದರ ಚಿತ್ರ ನೋಡಿ ಹತ್ತಿಸಿ.

ನಿಯಮ ಮೂರೇ. ಬೆಳಿಗ್ಗೆ ಒಂಬತ್ತೂವರೆಗೆ ಮೊದಲು ಮನೆ ಬಿಡಬಾರದು, ನಮ್ಮ ಕಡೆಯ ತೋಝಾಯ್ ರೈಲು ಲೈನಿನಲ್ಲಿ ಬೆಳಿಗ್ಗೆ ವಿಪರೀತ ನೂಕುನುಗ್ಗಲು, ಬಸ್ಸಿನಲ್ಲೂ ಆ ಹೊತ್ತಿಗೆ ಸೀಟಿಲ್ಲ. ಬಸ್ ಹೊರಡುವ ಮೊದಲ ಸ್ಟಾಪಿನಲ್ಲೇ ಹತ್ತಬೇಕು, ಆಗ ನಾಲ್ಕು ಜನಕ್ಕೂ ಸೀಟು ಖಾತ್ರಿ. ದಿನಕ್ಕೆ ಒಂದೇ ಜಾಗ. ದಾರಿಯಲ್ಲಿ ಒಂದು ಸ್ಟಾಪ್ ಇದೆ, ಅಲ್ಲಿ ಹತ್ತಿದರೂ ಮುಂದಿನ ಕಿಟಕಿ ಸೀಟು ಸಿಕ್ಕೇ ಸಿಗುತ್ತದೆ, ಅದನ್ನು ಮಾತ್ರ ಹೇಳೋದಿಲ್ಲ, ಮುಂದಿನ ಸಲ ಮಾವನವರು ಬರುತ್ತಿದ್ದಾರೆ.

ಎಲ್ಲಕ್ಕಿಂತ ಚೆನ್ನಾಗಿ ಆದದ್ದು ಸುಗಾಮೊ ಅನ್ನೋ ಪೇಟೆಗೆ ಹೋದ ದಿನ. ಕಸಾಯಿಯಿಂದ ಕಿನ್‌ಶಿಚೋಗೆ ಒಂದು ಬಸ್. ಅಲ್ಲಿಂದ ತೊ 02 ನಂಬರಿನ ಬಸ್, ಈ ತುದಿಯಿಂದ ಆ ತುದಿಗೆ, ಸುಮಿದಾ ನದಿ ದಾಟಿ ಒಕಾಚಿಮಾಚಿ, ಹೊಂಗೊ, ಕಸುಗಾ ಆಗಿ ಓತ್ಸುಕಾ. ಹೆಚ್ಚುಕಮ್ಮಿ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಅಪ್ಪ ನೋಡಿದಷ್ಟು ಟೋಕಿಯೋ ನಾನು ಮೊದಲ ವರ್ಷದಲ್ಲಿ ನೋಡಿರಲಿಲ್ಲ. ಚಾಪೆ ಅಂಗಡಿ, ಶಾಲೆ ಮಕ್ಕಳ ಹಳದಿ ಟೋಪಿ, ಮನೆ ಮುಂದೆ ಗುಡಿಸುವ ಅಜ್ಜಿ, ಎಲ್ಲವನ್ನೂ ಅತ್ತೆಗೆ ತೋರಿಸುತ್ತಾ ಕೂತಿದ್ದರು. ನಮ್ಮ ಸರ್ಕಾರಿ ಬಸ್ಸಿನ ಅಭ್ಯಾಸಕ್ಕೆ ಸ್ಟಾಪ್ ಬರೋದಕ್ಕೆ ಮೊದಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಡ್ರೈವರ್ ಮೈಕಿನಲ್ಲಿ ದಯವಿಟ್ಟು ಕೂತ್ಕೊಳ್ಳಿ, ಬಸ್ ನಿಂತ ಮೇಲೆ ಏಳಿ ಅಂದರು. ಅಪ್ಪ ಕೂತರು. ಬಸ್ ನಿಂತ ಮೇಲೂ ಅಮ್ಮ ಇಳಿಯೋವರೆಗೆ ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾ ಕಾದರು. ನನಗೆ ಕಣ್ಣು ತುಂಬಿ ಬಂತು, ನಿಜವಾಗಿ.

ಓತ್ಸುಕಾದಿಂದ ಟ್ರಾಮಿನಲ್ಲಿ ಎರಡೇ ಸ್ಟಾಪ್, ಕೋಶಿನ್‌ಝುಕಾ. ಅಲ್ಲಿಂದ ಸುಗಾಮೊದ ಜಿಝೋ ದೋರಿ ರಸ್ತೆ ಪೂರ್ತಿ ಸಮತಟ್ಟು. ಹಿರಿಯರಿಗೆಂದೇ ಇರುವ ಪೇಟೆ ಅದು, ಯಾರೂ ಅವಸರ ಮಾಡೋದಿಲ್ಲ. ಕೋಗಾನ್‌ಜಿ ದೇವಸ್ಥಾನದ ಅಂಗಳದಲ್ಲಿ ಕರುಣೆಯ ದೇವತೆ ಕನ್ನೊನ್‌ನ ಒಂದು ವಿಗ್ರಹ ಇದೆ. ನಮಗೆ ಎಲ್ಲಿ ನೋವಿದೆಯೋ ವಿಗ್ರಹದ ಅದೇ ಜಾಗಕ್ಕೆ ನೀರು ಹಾಕಿ ಒರೆಸಬೇಕು. ಹಿಂದೆ ಬ್ರಷ್‌ನಲ್ಲಿ ಉಜ್ಜಿ ಉಜ್ಜಿ ಹಳೇ ವಿಗ್ರಹ ಸವೆದೇ ಹೋಯಿತು, 1992ರಲ್ಲಿ ಹೊಸದನ್ನು ಇಟ್ಟರು, ಈಗ ಬಟ್ಟೆ ಮಾತ್ರ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೌಟಿನಲ್ಲಿ ನೀರು ಹಾಕಿ ಎರಡೂ ಮಂಡಿ ಒರೆಸಿದರು. ಆಮೇಲೆ ಮತ್ತೊಮ್ಮೆ ಸಾಲಿನಲ್ಲಿ ನಿಂತು ಭುಜ ಒರೆಸಿದರು, ಅದು ಅಪ್ಪನಿಗಂತೆ. 4, 14, 24ನೇ ತಾರೀಖು ಮಾತ್ರ ಬೇಡ. ಅವತ್ತು ಅಲ್ಲಿ ಜಾತ್ರೆ.

ಅದೇ ಬೀದಿಯಲ್ಲಿ ಉಪ್ಪಿನ ದಾಯ್‌ಫುಕು ಸಿಗುತ್ತದೆ. ಅಕ್ಕಿ ಹಿಟ್ಟಿನ ಮುದ್ದೆಯೊಳಗೆ ಸಿಹಿ ಕಾಳಿನ ಹೂರಣ, ಮೇಲೆ ಉಪ್ಪಿನ ರುಚಿ. ಅತ್ತೆ ಇದು ನಮ್ಮ ಕಡುಬೇ ಅಂತ ಎರಡು ತಿಂದರು. ಊಟಕ್ಕೆ ಮಾತ್ರ ನಾನು ಹೊರಗಿನದನ್ನು ನಂಬಲಿಲ್ಲ. ಮನೆಯಿಂದಲೇ ಚಿತ್ರಾನ್ನ, ಮೊಸರನ್ನ. ಎಲ್ಲಿ ಕೂತು ತಿನ್ನೋದು ಅನ್ನೋದೇ ಇಲ್ಲಿ ಕಷ್ಟ, ಬೆಂಚೂ ಕಮ್ಮಿ, ಕಸದ ಬುಟ್ಟಿಯೂ ಇಲ್ಲ. ದೊಡ್ಡ ಅಂಗಡಿಗಳ ಮಾಳಿಗೆ ತೋಟಗಳನ್ನು ಹುಡುಕಿ. ಗಿಂಝಾ ಸಿಕ್ಸ್‌ನ ಮೇಲಿನದು ಉಚಿತ, ಲಿಫ್ಟ್, ಟಾಯ್ಲೆಟ್ ಎರಡೂ ಹತ್ತಿರ. ಇನ್ನೂ ಒಂದು ಇದೆ, ಅದು ಖಾಲಿಯಾಗೇ ಇರಲಿ ಅಂತ ಹೆಸರು ಬರೆಯುತ್ತಿಲ್ಲ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಹಾಮಾರಿಕ್ಯೂ ತೋಟದಿಂದ ಅಸಾಕುಸಾಗೆ ದೋಣಿ: ತಲೆಗೆ ಸಾವಿರ ಯೆನ್ ದಾಟುತ್ತದೆ, ಸೇತುವೆಗಳ ಕೆಳಗೆ ಹೋಗೋದು ಅಪ್ಪನಿಗೆ ಇಷ್ಟವಾಯಿತು, ಆದರೆ ಒಂದೇ ಸಲಕ್ಕೆ ಸಾಕು. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ: ಹಾಲು ಬೆರೆಸಿ ಒಯ್ದರೆ ಮಧ್ಯಾಹ್ನದ ಹೊತ್ತಿಗೆ ರುಚಿ ಕೆಡುತ್ತದೆ, ಡಿಕಾಕ್ಷನ್ ಬೇರೆ, ಬಿಸಿ ಹಾಲು ಬೇರೆ ಇಟ್ಟರೆ ಮೂರು ಗಂಟೆಗೂ ಚೆನ್ನಾಗಿರುತ್ತದೆ.

ಎತ್ತರದಿಂದ ಊರು ನೋಡೋದಕ್ಕೆ ಸ್ಕೈಟ್ರೀ ಗೋಪುರಕ್ಕೆ ದುಡ್ಡು ಸುರಿಯೋದು ಬೇಡ. ಶಿಂಜುಕುವಿನ ಮಹಾನಗರ ಸರ್ಕಾರದ ಕಟ್ಟಡದಲ್ಲಿ 45ನೇ ಮಹಡಿ, 202 ಮೀಟರ್, ಪೂರ್ತಿ ಉಚಿತ. ನಮ್ಮ ಕಡೆಯವರಿಗೆ ಅದಕ್ಕಿಂತ ಹತ್ತಿರ ಟವರ್ ಹಾಲ್ ಫುನಾಬೋರಿ. ಎತ್ತರ ಅದರ ಅರ್ಧ, ಅದೂ ಉಚಿತ, ಜನ ಕಮ್ಮಿ, ಚಳಿಗಾಲದ ಬೆಳಿಗ್ಗೆ ಫುಜಿ ಬೆಟ್ಟವೂ ಕಾಣುತ್ತದೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳೋದಾದರೆ, ಪಾಸಿಗೆ 2800, ತಿಂಡಿಗೆ ಒಂದೂವರೆ ಎರಡು ಸಾವಿರ, ಪ್ರವೇಶ ಶುಲ್ಕ ಎಲ್ಲ ಸೇರಿ ನಾಲ್ಕು ಜನಕ್ಕೆ ದಿನಕ್ಕೆ 6000 ಯೆನ್ ದಾಟಲಿಲ್ಲ. ಪ್ಯಾಕೇಜಿನ ಒಂದು ದಿನದ ದುಡ್ಡಿನಲ್ಲಿ ಹೆಚ್ಚುಕಮ್ಮಿ ವಾರ ಸುತ್ತಬಹುದು. ಪ್ರವೇಶ ಶುಲ್ಕವನ್ನೂ ಇಳಿಸಬಹುದು. 65 ದಾಟಿದವರಿಗೆ ಉಯೆನೋ ಮೃಗಾಲಯ 600ರ ಬದಲು 300, ಹಾಮಾರಿಕ್ಯೂ ತೋಟ 300ರ ಬದಲು 150. ಉಯೆನೋದ ರಾಷ್ಟ್ರೀಯ ಮ್ಯೂಸಿಯಂನ ಕಾಯಂ ಪ್ರದರ್ಶನ 70 ದಾಟಿದವರಿಗೆ ಉಚಿತ, ಮಳೆ ದಿನಕ್ಕೆ ಹೇಳಿ ಮಾಡಿಸಿದ ಜಾಗ. ಕೌಂಟರಿನಲ್ಲಿ ಅವರಾಗೇ ಕೇಳೋದಿಲ್ಲ, ನಾವೇ ಪಾಸ್‌ಪೋರ್ಟ್ ತೋರಿಸಿ ಕೇಳಬೇಕು. ಹೇಗೂ ಬಂದವರು ಅದನ್ನು ಜೊತೆಯಲ್ಲಿ ಇಟ್ಟುಕೊಂಡೇ ಓಡಾಡಬೇಕು, ಅದು ಇಲ್ಲಿನ ಕಾನೂನು.